ಲೆಕ್ಕಕ್ಕೆ ಬಾರದ ಮಾತ್ರೆ

"ಬೇರೆ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ?" ಎಂದು ವೈದ್ಯರು ಕೇಳಿದಾಗ ಇಲ್ಲವೆಂದೆ. ಸುಳ್ಳು ಹೇಳುವ ಉದ್ದೇಶವಿರಲಿಲ್ಲ. ಕೂದಲು ಉದುರುತ್ತದೆಂದು ದಿನವೂ ನುಂಗುತ್ತಿದ್ದ ಬಯೋಟಿನ್ ಎಂಬ ಬಿ ವಿಟಮಿನ್ ನನ್ನ ಪಾಲಿಗೆ ಮಾತ್ರೆಯೇ ಆಗಿರಲಿಲ್ಲ.

ರಕ್ತಪರೀಕ್ಷೆಯ ವರದಿಯಲ್ಲಿ ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನ್ ಟಿಎಸ್‌ಎಚ್ ಪಾತಾಳಕ್ಕಿಳಿದಿತ್ತು, ಗ್ರಂಥಿ ಸ್ರವಿಸುವ ಹಾರ್ಮೋನ್ ಟಿ4 ಏರಿತ್ತು. ಥೈರಾಯ್ಡ್ ಮಿತಿಮೀರಿ ಕೆಲಸ ಮಾಡುತ್ತಿದೆ ಎಂದರ್ಥ. ಆದರೆ ನನಗೆ ಎದೆ ಹೊಡೆದುಕೊಳ್ಳುತ್ತಿರಲಿಲ್ಲ, ಕೈ ನಡುಗುತ್ತಿರಲಿಲ್ಲ, ತೂಕವೂ ಇಳಿದಿರಲಿಲ್ಲ (ಇಳಿದಿದ್ದರೆ ಬೇಡವೆನ್ನುತ್ತಿರಲಿಲ್ಲ). ಅವರು ಪ್ರಶ್ನೆ ಬದಲಿಸಿದರು: "ಕೂದಲಿಗೆ? ಚರ್ಮಕ್ಕೆ? ಶಕ್ತಿಗೆ?"

ಬಯೋಟಿನ್ ನಿಲ್ಲಿಸಿ, ಕೆಲವು ದಿನ ಬಿಟ್ಟು ಮತ್ತೆ ರಕ್ತ ಕೊಟ್ಟೆ. ಎಲ್ಲವೂ ಸರಿಯಿತ್ತು. ಕೆಟ್ಟಿದ್ದದ್ದು ಗ್ರಂಥಿಯಲ್ಲ, ಪರೀಕ್ಷೆ. ಹಲವು ರಕ್ತಪರೀಕ್ಷೆಗಳಲ್ಲಿ ಬಯೋಟಿನ್ನನ್ನೇ ಕೊಂಡಿಯಂತೆ ಬಳಸುತ್ತಾರೆ. ರಕ್ತದಲ್ಲೂ ಅದೇ ತುಂಬಿದ್ದರೆ ಲೆಕ್ಕ ತಪ್ಪುತ್ತದೆ. ಹೃದಯಾಘಾತ ಪತ್ತೆಹಚ್ಚುವ ಟ್ರೋಪೋನಿನ್ ಪರೀಕ್ಷೆಯೂ ಹೀಗೆ ಮೋಸಹೋಗಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿತ್ತು. ವಯಸ್ಕರಿಗೆ ದಿನಕ್ಕೆ ಸಾಕಾಗುವುದು 30–40 ಮೈಕ್ರೋಗ್ರಾಂ. ನನ್ನ ಡಬ್ಬಿಯಲ್ಲಿದ್ದದ್ದು 10,000. ದೊಡ್ಡ ಸಂಖ್ಯೆ ನೋಡಿಯೇ ಕೊಂಡಿದ್ದೆ.

ಈಗ ಡಬ್ಬಿಯನ್ನು ಮೊದಲು ತಿರುಗಿಸಿ ಹಿಂಬದಿ ಓದುತ್ತೇನೆ. ಬರೆದಿರುವ ಪ್ರಮಾಣ ಒಂದು ಮಾತ್ರೆಯದೋ ಎರಡರದೋ? 1,250 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ನಲ್ಲಿ ನಿಜವಾದ ಕ್ಯಾಲ್ಸಿಯಂ ಇರುವುದು 500 ಮಾತ್ರ. ಹತ್ತಾರು ಗಿಡಮೂಲಿಕೆಗಳ ಹೆಸರು ಪೋಣಿಸಿ, ಒಟ್ಟು ತೂಕವೊಂದನ್ನೇ ಕೊಟ್ಟು "ವಿಶೇಷ ಮಿಶ್ರಣ" ಎಂದಿದ್ದರೆ ಅಲ್ಲಿಗೇ ಕೆಳಗಿಡುತ್ತೇನೆ. ಸ್ವತಂತ್ರ ಪ್ರಯೋಗಾಲಯದ ಮುದ್ರೆ ಇದ್ದರೆ ಒಳ್ಳೆಯದೇ. ಆದರೆ ಅದು ಹೇಳುವುದು ಒಳಗೆ ಏನಿದೆ ಎಂಬುದನ್ನು, ನನಗೆ ಅದು ಬೇಕೇ ಎಂಬುದನ್ನಲ್ಲ. ಎ, ಡಿ, ಇ, ಕೆ ವಿಟಮಿನ್‌ಗಳು ಕೊಬ್ಬಿನಲ್ಲಿ ಕರಗುವಂಥವು. ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆಂಬ ಸಮಾಧಾನ ಅವಕ್ಕೆ ಹೊಂದುವುದಿಲ್ಲ. ನೀರಿನಲ್ಲಿ ಕರಗುವ ಬಿ6 ಕೂಡ ಹೆಚ್ಚಿನ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಸೇರಿದರೆ ನರಗಳಿಗೆ ಹಾನಿ ಮಾಡುತ್ತದೆ.

ಹಿಂಬದಿಯೂ ಹೇಳದ ಸಂಗತಿಗಳಿವೆ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ, ಕಬ್ಬಿಣಕ್ಕೂ ನಡುವೆ ನಾಲ್ಕು ಗಂಟೆ ಅಂತರ ಬೇಕು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರಲ್ಲಿ ವಿಟಮಿನ್ ಕೆ ಆ ಔಷಧದ ಪರಿಣಾಮವನ್ನು ತಗ್ಗಿಸುತ್ತದೆ. ಹಾಗಾಗಿ ಮನೆಯಲ್ಲಿರುವ ಎಲ್ಲ ಡಬ್ಬಿಗಳ ಹಿಂಬದಿಯನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡು, ವೈದ್ಯರ ಮುಂದೆ ಹಿಡಿಯುತ್ತೇನೆ.

ಕೂದಲು ಇನ್ನೂ ಉದುರುತ್ತಿದೆ. ಈ ಸಲ ಮೊದಲು ದೇಹದಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಎಂದು ತಿಳಿಸುವ ಫೆರಿಟಿನ್ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದೇನೆ, ವರದಿ ನಾಳೆ.