ಸಂಸೆಯ ತೋಟದಂಚಿನಲ್ಲಿ ಎರಡು ರಾತ್ರಿ: ಟೆಂಟಿಗೆ ಬರುವ ನೆಂಟರ ಬಗ್ಗೆ

ಕುದುರೆಮುಖ ಹತ್ತುವವರು ರಾಷ್ಟ್ರೀಯ ಉದ್ಯಾನದೊಳಗೆ ಟೆಂಟ್ ಹಾಕುವಂತಿಲ್ಲ. ಮುಂಗಡ ಪರವಾನಗಿ ಪಡೆದು, ಬೆಳಿಗ್ಗೆ ಹೊರಟು, 1,894 ಮೀಟರ್ ಎತ್ತರದ ಶಿಖರ ಕಂಡು ಸಂಜೆಯೊಳಗೆ ಇಳಿದು ಬರಬೇಕು. ಆದ್ದರಿಂದ ಟೆಂಟಿನಲ್ಲೇ ಮಲಗಬೇಕೆಂಬ ಆಸೆಯುಳ್ಳವರಿಗೆ ಕಳಸ, ಸಂಸೆ ಕಡೆಯ ಹೋಂಸ್ಟೇಗಳ ಅಂಗಳ ಮತ್ತು ತೋಟದ ಅಂಚೇ ಗತಿ. ಅಕ್ಟೋಬರ್ ಎರಡನೆಯ ವಾರ ನಾನು, ನನ್ನ ಪತ್ನಿ ಮತ್ತು ಅಣ್ಣನ ಮಗ ಅಂಥದ್ದೊಂದು ಕಾಫಿ ತೋಟದಂಚಿನಲ್ಲಿ ಎರಡು ರಾತ್ರಿ ಕಳೆದೆವು. ಚಾರಣದ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ. ನಾನು ಹೇಳಹೊರಟಿರುವುದು ಆ ಎರಡು ರಾತ್ರಿ ನಮ್ಮೊಂದಿಗೆ ಸೂರು ಹಂಚಿಕೊಂಡವರ ವಿಷಯ.

ಮೊದಲ ತಪ್ಪು ಜಾಗದ ಆಯ್ಕೆಯಲ್ಲೇ ಆಯಿತು. ನೆಲ ಸಮತಟ್ಟಾಗಿದೆ ಎಂಬ ಒಂದೇ ಕಾರಣಕ್ಕೆ ಹಲಸಿನ ಮರದ ಕೆಳಗೆ ಟೆಂಟ್ ನಿಲ್ಲಿಸಿ, ಅದರ ಒಂದು ಹಗ್ಗವನ್ನು ಬಗ್ಗಿದ ಕೊಂಬೆಗೆ ಬಿಗಿದೆವು. ಎಲೆಗಳನ್ನು ಹೊಲಿದು ಮಾಡಿದ ಚಗಳಿ ಗೂಡು ಅದೇ ಕೊಂಬೆಯಲ್ಲಿ ತೂಗುತ್ತಿದ್ದುದು ಕತ್ತಲಲ್ಲಿ ಕಾಣಲಿಲ್ಲ. ಬೆಳಿಗ್ಗೆ ನೋಡಿದರೆ ಕೆಂಪಿರುವೆಗಳು ನಾವೇ ಕಟ್ಟಿಕೊಟ್ಟ ಸೇತುವೆಯ ಮೇಲೆ ಸಾಲುಗಟ್ಟಿ ಇಳಿದು ಟೆಂಟಿನ ಮೇಲುಹೊದಿಕೆಯ ತುಂಬ ಓಡಾಡುತ್ತಿದ್ದವು. ಜಿಪ್ ತೆರೆದ ಕ್ಷಣವೇ ನಾಲ್ಕಾರು ನನ್ನ ಕುತ್ತಿಗೆಯ ಮೇಲೆ ಬಿದ್ದವು. ಚಗಳಿ ಕಚ್ಚಿದರೆ ಉರಿ ಅರ್ಧ ಗಂಟೆಯಲ್ಲಿ ಇಳಿಯುತ್ತದೆ, ಆದರೆ ಆ ಅರ್ಧ ಗಂಟೆ ಬೇರೆ ಯಾವ ಕೆಲಸವೂ ಆಗುವುದಿಲ್ಲ. ಆದ್ದರಿಂದ ಟೆಂಟ್ ಬಿಚ್ಚುವ ಮೊದಲು ಬೆಳಕಿರುವಾಗಲೇ ತಲೆಯೆತ್ತಿ ನೋಡಿ: ಚಗಳಿ ಗೂಡು, ಕಣಜದ ಗೂಡು, ಬೀಳಲು ಸಿದ್ಧವಾದ ಅಡಿಕೆ ಸೋಗೆ ಯಾವುದೂ ಮೇಲಿರಬಾರದು. ಹಗ್ಗವನ್ನು ಗಿಡಮರಗಳಿಗೆ ಕಟ್ಟದೆ ನೆಲದ ಗೂಟಕ್ಕೇ ಬಿಗಿಯಿರಿ. ತರಗೆಲೆ ಗುಡಿಸಿ ತೆಗೆದ ಬಯಲು ಜಾಗ ಸಿಕ್ಕರೆ ಕಾಲು ಪಾಲು ಸಮಸ್ಯೆ ಅಲ್ಲಿಗೇ ಮುಗಿಯಿತು.

ಮಳೆ ಹಿಂದೆ ಸರಿದಿದ್ದರೂ ನೆಲದ ತೇವ ಆರಿರಲಿಲ್ಲವಾದ್ದರಿಂದ ಉಂಬಳಗಳು, ಅಂದರೆ ರಕ್ತ ಹೀರುವ ನೆಲದ ಜಿಗಣೆಗಳು, ಧಾರಾಳವಾಗಿದ್ದವು. ರಾತ್ರಿ ಮಲಗಿಕೊಂಡೇ ಟಾರ್ಚ್ ಹಾಕಿದಾಗ ಒಳಟೆಂಟಿನ ಜಾಲರಿಯ ಆಚೆ, ಮೇಲುಹೊದಿಕೆಯ ಒಳಮೈ ಮೇಲೆ, ಒಂದು ಉಂಬಳ ಗೇಣು ಹಾಕಿಕೊಂಡು ಬರುತ್ತಿತ್ತು. ಹಿಂದಿನ ತುದಿಯನ್ನು ಊರಿ, ದಾರದಷ್ಟು ತೆಳ್ಳಗಾಗಿ ಮುಂದಕ್ಕೆ ಚಾಚಿ, ಅತ್ತಿತ್ತ ತೂಗಿ ನೋಡಿ, ಮತ್ತೆ ಮೈ ಮಡಚುತ್ತಿತ್ತು. ನಾವು ಉಸಿರು ಬಿಟ್ಟ ದಿಕ್ಕಿಗೇ ಅದರ ಮುಖ ತಿರುಗುತ್ತಿತ್ತು. ಉಸಿರು, ಮೈಬಿಸಿ, ಹೆಜ್ಜೆಯ ಕಂಪನ ಇವೆಲ್ಲವೂ ಅದಕ್ಕೆ ಸುಳಿವುಗಳೇ. ಸಣ್ಣ ಕಣ್ಣಿನ ಜಾಲರಿಯನ್ನು ದಾಟಿ ಅದು ಒಳಬರಲಿಲ್ಲ. ಒಳಗೆ ಸಿಕ್ಕ ಎರಡು ಉಂಬಳಗಳೂ ನಮ್ಮ ಕಾಲುಚೀಲದ ಮೇಲೆ ಸವಾರಿ ಮಾಡಿಕೊಂಡೇ ಬಂದಿದ್ದವು. ನಾನು ಪಾದಕ್ಕೆ ಕಚ್ಚಿಕೊಂಡಿದ್ದನ್ನು ಕೀಳಲು ಹೊರಟಾಗ ತೋಟದ ಹಿರಿಯರು ತಡೆದರು: “ಎಳೀಬೇಡಿ ಮಾರಾಯ್ರೇ, ಉಗುರು ಕೊಟ್ಟು ಪಕ್ಕಕ್ಕೆ ಜಾರಿಸಿ.” ಸಪೂರ ತುದಿಯ ಬುಡಕ್ಕೆ ಉಗುರು ಸೇರಿಸಿ ಸರಿಸಿದರೆ ಹಿಡಿತ ಬಿಡುತ್ತದೆ. ಅವರು ಕೋಲಿನ ತುದಿಗೆ ಉಪ್ಪಿನ ಗಂಟು ಕಟ್ಟಿ ಕೊಟ್ಟಿದ್ದರು. ಅದನ್ನು ಬೂಟಿನ ಮೇಲೆ ಹರಿದಾಡುವ ಉಂಬಳಕ್ಕೆ ಮುಟ್ಟಿಸಬೇಕೇ ಹೊರತು, ಕಚ್ಚಿಕೊಂಡಿರುವುದರ ಮೇಲೆ ಉಪ್ಪು ಸುರಿದರೆ ಅದು ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಕ್ಕುವ ಸಂಭವವಿದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವಿರುವುದರಿಂದ ಬಿಡಿಸಿದ ಮೇಲೂ ಬಹಳ ಹೊತ್ತು ನೆತ್ತರು ಜಿನುಗುತ್ತದೆ. ತೊಳೆದು, ಒತ್ತಿ ಹಿಡಿದು, ಬಟ್ಟೆ ಕಟ್ಟಿದರೆ ಸಾಕು.

ಎರಡನೆಯ ರಾತ್ರಿಯ ಅವಾಂತರಕ್ಕೆ ಅಣ್ಣನ ಮಗನೇ ಕಾರಣ. ಬಿಳಿ ದೀಪ ಹೊತ್ತಿಸಿಕೊಂಡು, ಬಾಗಿಲಿನ ಜಿಪ್ ಒಂದು ಮೊಳದಷ್ಟು ತೆರೆದಿಟ್ಟು ಹತ್ತು ನಿಮಿಷ ಫೋನಿನಲ್ಲಿ ಮಾತನಾಡಿದ. ಅಷ್ಟರಲ್ಲಿ ಪತಂಗ, ದುಂಬಿ, ಹಸಿರು ಮಿಡತೆಗಳೆಲ್ಲ ಒಳಗೆ ಸಭೆ ಸೇರಿದ್ದವು. ಹೊಡೆದು ಓಡಿಸುವ ಬದಲು ಒಳಗಿನ ದೀಪ ಆರಿಸಿ, ಹೊರಗೆ ಹತ್ತು ಅಡಿ ದೂರದಲ್ಲಿ ಟಾರ್ಚ್ ಹೊತ್ತಿಸಿಟ್ಟು, ಜಾಲರಿ ತೆರೆದೆವು. ಕಾಲು ಗಂಟೆಯಲ್ಲಿ ಹೆಚ್ಚಿನವು ತಾವಾಗಿಯೇ ಹೊರಟುಹೋದವು. ಹಳದಿ ಅಥವಾ ಕೆಂಪು ಬೆಳಕಿಗೆ ಹುಳುಗಳು ಕಡಿಮೆ ಬರುತ್ತವೆಯಾದ್ದರಿಂದ ಅಂಥ ಸೌಕರ್ಯವಿರುವ ತಲೆದೀಪ ಕೊಳ್ಳುವುದು ಒಳ್ಳೆಯದು. ಹೊಡೆಯಬೇಡಿ ಎನ್ನಲು ಇನ್ನೊಂದು ಕಾರಣವಿದೆ. ಇರುವೆಯಂತೆ ಕಾಣುವ, ಕಿತ್ತಳೆ ಮತ್ತು ಕಪ್ಪು ಪಟ್ಟೆಗಳ ಪುಟ್ಟ ದುಂಬಿಯೊಂದು ದೀಪಕ್ಕೆ ಬರುತ್ತದೆ. ಅದು ಕಚ್ಚುವುದಿಲ್ಲ, ಆದರೆ ಚರ್ಮದ ಮೇಲೆ ಅದನ್ನು ಉಜ್ಜಿ ಕೊಂದರೆ ಮರುದಿನ ಆ ಜಾಗ ಸುಟ್ಟಂತೆ ಕೆಂಪಾಗಿ ಬೊಕ್ಕೆ ಏಳುತ್ತದೆ. ಊದಿ ಹಾರಿಸಿ, ತಿಳಿಯದೆ ಉಜ್ಜಿದರೆ ಕೂಡಲೇ ಸೋಪು ಹಾಕಿ ತೊಳೆಯಿರಿ.

ತಿಂಡಿಯನ್ನು ಟೆಂಟಿನೊಳಗೆ ಇಡಬೇಡಿ ಎಂದು ವಿವರಿಸಿ ಹೇಳಬೇಕಿಲ್ಲ. ಮುಚ್ಚಳದ ಡಬ್ಬಿಯಲ್ಲಿ ಹಾಕಿ ಮನೆಯವರ ಅಡುಗೆಮನೆಗೇ ಕೊಟ್ಟುಬಿಡಿ. ಇಲಿ ಬಂದರೆ ಬಟ್ಟೆ ಕಚ್ಚುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಹಾವಿನ ಭಯವೇ ಎಲ್ಲರಿಗೂ ದೊಡ್ಡದು, ಆದರೆ ತಳವೂ ಗೋಡೆಯೂ ಒಂದಾಗಿ ಹೊಲಿದ, ಜಿಪ್ ಪೂರ್ತಿ ಹಾಕಿದ ಟೆಂಟಿನಲ್ಲಿ ಮಲಗುವುದು ಬರಿ ನೆಲದಲ್ಲಿ ಚಾಪೆ ಹಾಸಿ ಮಲಗುವುದಕ್ಕಿಂತ ಎಷ್ಟೋ ಕ್ಷೇಮ. ಅಪಾಯವಿರುವುದು ರಾತ್ರಿ ಮೂತ್ರಕ್ಕೆ ಎದ್ದು ಬರಿಗಾಲಲ್ಲಿ ಹೊರಡುವಾಗ. ಬೂಟುಗಳನ್ನು ಹೊರಗೆ ಬಿಡದೆ ಚೀಲಕ್ಕೆ ಹಾಕಿ ಒಳಗಿಟ್ಟುಕೊಳ್ಳಿ, ಹಾಕುವ ಮೊದಲು ತಲೆಕೆಳಗು ಮಾಡಿ ಕೊಡವಿ. ನೇರಳಾತೀತ ಬೆಳಕಿನ ಸಣ್ಣ ಟಾರ್ಚ್ ಇದ್ದರೆ ಚೇಳು ಹಸಿರಾಗಿ ಹೊಳೆದು ಕಾಣುತ್ತದೆ. ನಮಗೆ ಟೆಂಟಿನಿಂದ ಎರಡು ಮಾರು ದೂರದ ಕಲ್ಲಿನ ಬುಡದಲ್ಲಿ ಒಂದು ಕಂಡಿತು. ಅದರ ಪಾಡಿಗೆ ಅದನ್ನು ಬಿಟ್ಟೆವು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಯಾವುದೂ ಬೇಡ. ಕಚ್ಚಿದ ಅಂಗ ಅಲುಗದಂತೆ ನೋಡಿಕೊಂಡು ಆಸ್ಪತ್ರೆಗೆ ಸಾಗಿಸಬೇಕು. ಆದ್ದರಿಂದ ಹತ್ತಿರದ ಆಸ್ಪತ್ರೆ ಎಲ್ಲಿದೆ, ರಾತ್ರಿ ಜೀಪು ಯಾರ ಬಳಿ ಸಿಗುತ್ತದೆ ಎಂಬುದನ್ನು ತಲುಪಿದ ದಿನವೇ ಕೇಳಿಟ್ಟುಕೊಳ್ಳಿ.

ನನ್ನ ಮಟ್ಟಿಗೆ ಹಾವಿಗಿಂತ ಹೆಚ್ಚು ಎಚ್ಚರ ಬೇಕಾದದ್ದು ಉಣುಗಿನ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆಯ, ವಿಷಯದಲ್ಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಉಣುಗುಗಳಿಂದಲೇ, ಮತ್ತು ಡಿಸೆಂಬರ್‌ನಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ ಅದರ ಕಾಟ ಹೆಚ್ಚು. ಉಂಬಳಕ್ಕೆ ಹೆದರಿ ಬೇಸಿಗೆಗೆ ಪ್ರವಾಸ ಮುಂದೂಡುವವರು ಇದನ್ನು ಗಮನಿಸಬೇಕು. ಆ ಕಾಲದಲ್ಲಿ ಹೋಗುವುದಾದರೆ ಮಂಗ ಸತ್ತ ಸುದ್ದಿಯಿದೆಯೇ ಎಂದು ಊರವರನ್ನು ವಿಚಾರಿಸಿ, ತರಗೆಲೆಯ ಮೇಲೆ ಕೂರಬೇಡಿ, ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ಮಲಗುವ ಮೊದಲು ಕಂಕುಳು, ಸೊಂಟ, ಮಂಡಿಯ ಹಿಂಭಾಗಗಳನ್ನು ಪರೀಕ್ಷಿಸಿಕೊಳ್ಳಿ. ಕೀಟ ಹತ್ತಿರ ಬಾರದಂತೆ ಹಚ್ಚುವ ಡೀಟ್ ಇರುವ ಮುಲಾಮು ಉಪಯುಕ್ತವೇ, ಆದರೆ ಅದು ಕನ್ನಡಕ, ಗಡಿಯಾರಗಳ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ ಎಂಬುದು ನನ್ನ ಗಡಿಯಾರದ ಗಾಜಿನ ಮೇಲೆ ಮೂಡಿದ ಹೆಬ್ಬೆರಳ ಗುರುತಿನಿಂದ ತಿಳಿಯಿತು. ಮರಳಿದ ಎರಡು ಮೂರು ವಾರಗಳೊಳಗೆ ಜ್ವರ ಬಂದರೆ, ಮಲೆನಾಡಿನಲ್ಲಿ ಟೆಂಟಿನಲ್ಲಿ ಮಲಗಿದ್ದೆ ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಿ.

ಹೊರಡುವ ಬೆಳಿಗ್ಗೆ ಮಂಜು ಆರುವವರೆಗೆ ಕಾಯಲು ಸಮಯವಿಲ್ಲದೆ ಟೆಂಟನ್ನು ಒದ್ದೆಯಾಗಿಯೇ ಸುತ್ತಿದೆವು. ಬೆಂಗಳೂರಿನಲ್ಲಿ ಅದನ್ನು ಹಜಾರದಲ್ಲಿ ಬಿಚ್ಚಲು ಹೋದ ನನ್ನನ್ನು ಪತ್ನಿ ತಡೆದು ತಾರಸಿಗೆ ಕಳುಹಿಸಿದಳು. ಮಡಿಕೆಗಳಿಂದ ಮೂರು ಚೋರಟೆ, ಅಂಗೈಯಗಲದ ಒಂದು ಜೇಡ ಮತ್ತು ಇನ್ನೂ ಜೀವವಿದ್ದ ಒಂದು ಉಂಬಳ ಹೊರಬಂದವು.