ಕಪಾಟಿನ ಕೀಲಿ ತೆಗೆದ ಮೇಲೆ

ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಕೆಲಸಕ್ಕೆ ಸೇರಿದ ದಿನ ನನ್ನ ಕೈಗೆ ಒಂದು ರಿಜಿಸ್ಟರ್ ಮತ್ತು ಕಪಾಟಿನ ಕೀಲಿಕೈ ಕೊಟ್ಟರು. ಪುಸ್ತಕ ಕಳೆದರೆ ಪಗಾರದಲ್ಲಿ ಮುರಿದುಕೊಳ್ಳುತ್ತಾರೆ ಎಂದು ಯಾರೋ ಹೆದರಿಸಿದರು. ಆರು ತಿಂಗಳು ಆ ಕಪಾಟನ್ನು ನಾನು ಸರಿಯಾಗಿ ತೆರೆಯಲೇ ಇಲ್ಲ. ಹಿರಿಯರು ಬಂದು ಪೇಪರ್ ಓದಿ ಹೋಗುತ್ತಿದ್ದರು. ಪುಸ್ತಕ ಯಾರೂ ಕೇಳುತ್ತಿರಲಿಲ್ಲ. ಕಣ್ಣಿಗೆ ಬೀಳದ್ದನ್ನು ಯಾರು ಕೇಳುತ್ತಾರೆ, ಅಲ್ವಾ?

ಆಮೇಲೆ ಗ್ರಂಥಾಲಯ ವಿಜ್ಞಾನದ ಪರೀಕ್ಷೆ ಕಟ್ಟಿದೆ. ಆಗ ನಮ್ಮ ದೇಶದಲ್ಲಿ ಈ ವಿಜ್ಞಾನಕ್ಕೆ ತಳಪಾಯ ಹಾಕಿದ ಎಸ್.ಆರ್. ರಂಗನಾಥನ್ ಅವರ ಬಗ್ಗೆ ಓದಿದೆ. ಆಗಸ್ಟ್ 12ರ ಗ್ರಂಥಪಾಲಕರ ದಿನ ಬಂದಾಗ ಅವರ ಫೋಟೋಗೆ ಹಾರ ಹಾಕುತ್ತೇವೆ. ಆದರೆ ಅವರು ಏನು ಹೇಳಿದರು ಅಂತ ನಾನು ಅಲ್ಲಿಯವರೆಗೆ ಯೋಚನೆ ಮಾಡಿರಲಿಲ್ಲ.

ಅವರು ಹುಟ್ಟಿದ್ದು 1892ರಲ್ಲಿ, ಆಗಿನ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ. ಗಣಿತದ ಮೇಷ್ಟ್ರು. ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲೂ ಪಾಠ ಮಾಡಿದ್ದರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಮೊದಲ ಗ್ರಂಥಪಾಲಕರಾದರು. ಕೆಲವೇ ದಿನಗಳಲ್ಲಿ ಬೇಸರ ಬಂತು. ಓದಲು ಬರುವವರಿಲ್ಲ, ಮಾತಾಡಲು ಜನರಿಲ್ಲ. ಕಾಲೇಜಿಗೇ ವಾಪಸ್ ಹೋಗುತ್ತೇನೆ ಎಂದರು. ಲಂಡನ್‌ಗೆ ಹೋಗಿ ಕಲಿತು ಬಾ, ಆಗಲೂ ಬೇಡ ಅನಿಸಿದರೆ ನೋಡೋಣ ಎಂದು ಮೇಲಿನವರು ಒಪ್ಪಿಸಿ ಕಳಿಸಿದರು. ಈ ಭಾಗ ಓದಿದಾಗ ನನಗೆ ಎಷ್ಟು ಸಮಾಧಾನ ಆಯಿತು ಗೊತ್ತಾ? ಖಾಲಿ ಕೋಣೆಯಲ್ಲಿ ಕೂತು ಅವರಿಗೂ ಬೇಸರ ಆಗಿತ್ತು.

ಇಂಗ್ಲೆಂಡಿನಲ್ಲಿ ಅವರು ಊರೂರಿನ ಗ್ರಂಥಾಲಯ ಸುತ್ತಿದರು. ಮಕ್ಕಳು, ಕೂಲಿಯವರು, ಹೆಂಗಸರು ಕೂತು ಓದುವುದನ್ನು ನೋಡಿದರು. ಒಂದು ಅಂಗಡಿಯಲ್ಲಿ ಮೆಕ್ಯಾನೊ ಆಟಿಕೆ ಕಂಡರಂತೆ. ಅವೇ ತುಂಡುಗಳು, ಬೇರೆ ಬೇರೆ ರೀತಿ ಜೋಡಿಸಿದರೆ ಬೇರೆ ಬೇರೆ ವಸ್ತು. ಪುಸ್ತಕದ ವಿಷಯವನ್ನೂ ಹೀಗೇ ಜೋಡಿಸಬಹುದಲ್ಲ ಎಂದು ಅವರಿಗೆ ಹೊಳೆಯಿತು. ನಮ್ಮ ಕಡೆಯ ಉದಾಹರಣೆ ಹೇಳುತ್ತೇನೆ. ಕಲಬುರಗಿಯ ತೊಗರಿಗೆ ಬಂದ ನೆಟೆ ರೋಗದ ಬಗ್ಗೆ ಒಂದು ಪುಸ್ತಕ ಇದೆ ಅನ್ನಿ. ಬೆಳೆಗೆ ಒಂದು ಗುರುತು, ರೋಗಕ್ಕೆ ಒಂದು, ಊರಿಗೆ ಒಂದು. ನಡುವೆ ಕೋಲನ್, ಅಂದರೆ ಒಂದರ ಮೇಲೊಂದು ಎರಡು ಚುಕ್ಕಿ (:), ಇಟ್ಟು ಸೇರಿಸಿದರೆ ಆ ಪುಸ್ತಕದ ಸಂಖ್ಯೆ ಸಿದ್ಧ. ಇದೇ 1933ರಲ್ಲಿ ಬಂದ ಕೋಲನ್ ವರ್ಗೀಕರಣ. ನನ್ನ ಸಣ್ಣ ಗ್ರಂಥಾಲಯಕ್ಕೆ ಅಷ್ಟು ಬೇಕಿಲ್ಲ.

ನನಗೆ ಬೇಕಾಗಿದ್ದು ಅವರು 1931ರಲ್ಲಿ ಪುಸ್ತಕವಾಗಿ ತಂದ ಐದು ಸೂತ್ರಗಳು. ಮೊದಲನೆಯದು, ಪುಸ್ತಕ ಇರುವುದು ಬಳಸಲಿಕ್ಕೆ. ಹಿಂದೆ ಯುರೋಪಿನಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಕಪಾಟಿಗೆ ಕಟ್ಟಿಡುತ್ತಿದ್ದ ಕತೆ ಅಲ್ಲಿ ಬರುತ್ತದೆ. ಓದುತ್ತಾ ನನ್ನ ಸೊಂಟದಲ್ಲಿದ್ದ ಕೀಲಿಕೈ ಚುಚ್ಚಿದಂತಾಯಿತು.

ಮರುವಾರ ಊರಿನ ಗೌಂಡಿಯೊಬ್ಬರು ಉಳಿದಿದ್ದ ಶಹಾಬಾದ್ ಕಲ್ಲುಗಳನ್ನು ಕೊಟ್ಟರು. ಗೋಡೆಗೆ ಮೂರು ಸಾಲು ಹಲಗೆಯಂತೆ ಕೂರಿಸಿಕೊಟ್ಟರು. ಕೆಳಗಿನ ಸಾಲು ಮಕ್ಕಳ ಎದೆಯ ಎತ್ತರಕ್ಕೆ. ಪುಸ್ತಕ ಎಲ್ಲ ಅಲ್ಲಿಗೆ ಬಂದವು. ಮೊದಲ ದಿನವೇ ಒಬ್ಬ ಹುಡುಗಿ ಕೇಳಿದಳು: "ಅಕ್ಕೋರೆ, ಇದು ಮನಿಗಿ ಒಯ್ಲ್ಯಾ?"

ಆ ವರ್ಷ ಹನ್ನೊಂದು ಪುಸ್ತಕ ವಾಪಸ್ ಬರಲಿಲ್ಲ. ಮನೆಮನೆಗೆ ಹೋದೆ. ಏಳು ಸಿಕ್ಕವು, ಒಂದರ ಮೇಲೆ ಅರಿಶಿನದ ಕೈ ಗುರುತು. ಉಳಿದ ನಾಲ್ಕರ ಬಗ್ಗೆ ನನಗೆ ದುಃಖ ಇದೆ. ಆದರೆ ಕಪಾಟಿನಲ್ಲಿ ಗೆದ್ದಲು ತಿಂದಿದ್ದು ಅದಕ್ಕಿಂತ ಜಾಸ್ತಿ.

ಓದುಗರ ಸಮಯ ಉಳಿಸಿ ಅನ್ನುವುದು ನಾಲ್ಕನೇ ಸೂತ್ರ. ತೊಗರಿ ರಾಶಿಯ ದಿನಗಳಲ್ಲಿ ಹಗಲು ಯಾರೂ ಬರುವುದಿಲ್ಲ. ಆಗ ಸಂಜೆ ದೀಪ ಹಚ್ಚಿದ ಮೇಲೆ ಒಂದು ತಾಸು ಜಾಸ್ತಿ ಕೂರುತ್ತೇನೆ. ಸುಮ್ನೆ ಅಲ್ಲ, ಆ ಒಂದು ತಾಸಿನಲ್ಲೇ ಹೆಂಗಸರು ಬರುವುದು.

ಗ್ರಂಥಾಲಯಕ್ಕೆ ಕಾಯ್ದೆಯ ಬೆಂಬಲ ಬೇಕು ಎಂದು ರಂಗನಾಥನ್ ದುಡಿದರು. ಮದ್ರಾಸಿನಲ್ಲಿ 1948ರಲ್ಲಿ ಕಾಯ್ದೆ ಬಂತು, ನಮ್ಮಲ್ಲಿ 1965ರಲ್ಲಿ. ಮನೆ ತೆರಿಗೆಯ ಜೊತೆ ನಾವು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಬಾಗಿಲಲ್ಲೇ ನಿಂತು ಹಿಂಜರಿಯುತ್ತಿದ್ದ ಒಬ್ಬ ಮುತ್ಯಾಗೆ ಇದನ್ನೇ ಹೇಳಿದೆ: "ಒಳಗ ಬರ್ರಿ ಮುತ್ಯಾ, ಇವು ನಿಮ್ಮ ರೊಕ್ಕದ ಪುಸ್ತಕ."

ಅವರು ಕುರಿ ಕಾಯುವವರು. ಕುರಿ ಸಾಕಣೆಯ ಒಂದು ಪುಸ್ತಕ ಆರು ವರ್ಷ ಯಾರ ಕೈಗೂ ಹೋಗಿರಲಿಲ್ಲ. ಮುಖಪುಟ ಕಾಣುವಂತೆ ಬಾಗಿಲ ಹತ್ತಿರ ಇಟ್ಟಿದ್ದೆ. ಅವರಿಗೆ ಓದಲು ಬರುವುದಿಲ್ಲ, ಮೊಮ್ಮಗ ಓದಿ ಹೇಳುತ್ತಾನೆ. ಹದಿನೈದು ದಿನಕ್ಕೊಮ್ಮೆ ಇಬ್ಬರೂ ಬರುತ್ತಾರೆ, ಪುಸ್ತಕ ಮೇಜಿನ ಮೇಲೆ ಇಡುತ್ತಾರೆ. ನಾನು ಹೊಸ ತಾರೀಖು ಬರೆದು ಮತ್ತೆ ಅದನ್ನೇ ಕೊಡುತ್ತೇನೆ. ಮೊನ್ನೆಗೆ ಐದನೇ ಸಲ.