ಬಚ್ಚಲೊಲೆಯ ಪಕ್ಕ ಒಂದು ಪುಸ್ತಕ

ಅಂಕೋಲಾ, 22 ಜುಲೈ 2023, ಶನಿವಾರ

ಜೂನಿನಲ್ಲಿ ಸತಾಯಿಸಿದ ಮಳೆ ಈಗ ಬಡ್ಡಿ ಸಮೇತ ಸುರಿಯುತ್ತಿದೆ. ಕಪಾಟು ತೆಗೆದರೆ ಬೂಷ್ಟಿನ ವಾಸನೆ. ನೆಹರೂ ಅವರ ‘ಗ್ಲಿಂಪ್ಸಸ್ ಆಫ್ ವರ್ಲ್ಡ್ ಹಿಸ್ಟರಿ’ಯ ರಟ್ಟಿನ ಮೇಲೆ ಬೂದಿಬಣ್ಣದ ತುಪ್ಪಳವೇ ಬೆಳೆದಿತ್ತು. ಒಣಬಟ್ಟೆಯಲ್ಲಿ ಒರೆಸಿ, ಹಾಳೆ ಬಿಡಿಸಿ, ಬಚ್ಚಲೊಲೆಯಿಂದ ಒಂದು ಮಾರು ದೂರದಲ್ಲಿ ಇಟ್ಟೆ. ಬೂಷ್ಟು ಹೋಗಿ ಹೊಗೆಯ ವಾಸನೆ ಬಂತು.

ಸುಮಾ ಕಾರವಾರದಿಂದ ಬಂದಿದ್ದಳು. “ಅತ್ತೆ, ಜಗತ್ತಿನ ಚರಿತ್ರೆಯೆಲ್ಲ ಒಂದೇ ಪುಸ್ತಕದಲ್ಲಿ ಬೇಕು, ಓದುವಾಗ ನಿದ್ದೆ ಬರಬಾರದು” ಎಂದು ಫೋನಿನಲ್ಲಿ ಕೇಳಿದವಳು ಅವಳೇ. ಕೈಗೆ ಕೊಟ್ಟರೆ ತೂಗಿ ನೋಡಿ ಮುಖ ಸಣ್ಣದು ಮಾಡಿದಳು.

ದಪ್ಪ ನೋಡಬೇಡ, ಪತ್ರ ಎಂದುಕೊಂಡು ಓದು ಎಂದೆ. ಇರುವುದು 196 ಪತ್ರಗಳು, ರಾತ್ರಿಗೊಂದು ಸಾಕು. ಮಗಳ 13ನೆಯ ಹುಟ್ಟುಹಬ್ಬಕ್ಕೆಂದು 1930ರ ಅಕ್ಟೋಬರಿನಲ್ಲಿ ನೈನಿ ಜೈಲಿನಿಂದ ಆರಂಭಿಸಿದ್ದು, 1933ರ ಆಗಸ್ಟಿನಲ್ಲಿ ಮುಗಿಸಿದ್ದು. ಗ್ರಂಥಾಲಯವಿಲ್ಲ, ಹಿಂದೆ ಓದುವಾಗ ಬರೆದಿಟ್ಟುಕೊಂಡ ಟಿಪ್ಪಣಿಗಳೇ ಗತಿ. ಆದರೂ ರೋಮಿನ ಕಥೆ ಹೇಳುವ ಮನುಷ್ಯ ಅಷ್ಟೇ ಅಕ್ಕರೆಯಿಂದ ಚೀನಾಕ್ಕೂ ಪರ್ಷಿಯಾಕ್ಕೂ ಹೋಗಿ ಬರುತ್ತಾರೆ. ಶಾಲೆಯಲ್ಲಿ ನನಗೆ ಯಾರೂ ಹಾಗೆ ಹೇಳಿಕೊಟ್ಟಿರಲಿಲ್ಲ. ಚೆಂಗಿಸ್ ಖಾನನ ಮೇಲೆ ಅವರಿಗೆ ಬೆರಗು ಸ್ವಲ್ಪ ಹೆಚ್ಚು. ರಷ್ಯದ ಪಂಚವಾರ್ಷಿಕ ಯೋಜನೆ ಬಂದಾಗಲಂತೂ ಪೆನ್ಸಿಲ್ ಹಿಡಿದುಕೊಂಡು ಕೂರು ಎಂದೆ. ಇವರು ಅದನ್ನು ಮೆಚ್ಚಿ ಬರೆಯುತ್ತಿದ್ದ ಕಾಲದಲ್ಲೇ ಉಕ್ರೇನಿನಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದರು. ನನ್ನ ಪ್ರತಿಯಲ್ಲಿ ಅಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಇದೆ, ಮಸುಕಾಗಿದೆ.

ಅವಳು ಬೇರೆಯದೇ ಕೇಳಿದಳು. “ಆಗ ನಮ್ಮ ಮುತ್ತಜ್ಜನೂ ಜೈಲಿನಲ್ಲಿದ್ದನಲ್ಲವೇ? ಅವನು ಮಕ್ಕಳಿಗೆ ಏನು ಬರೆದಿದ್ದ?”

ಅಜ್ಜನಿಗೆ ಅಕ್ಷರ ಬರುತ್ತಿರಲಿಲ್ಲ. ಮೂವತ್ತರ ಏಪ್ರಿಲಿನಲ್ಲಿ ಇಲ್ಲಿ ಉಪ್ಪಿನ ಕಾಯ್ದೆ ಮುರಿದಾಗ ಗುಂಪಿನಲ್ಲಿ ಅವನೂ ಇದ್ದ. ಆಮೇಲೆ ಕರನಿರಾಕರಣೆ, ಗದ್ದೆ ಜಪ್ತಿ. ಸರಕಾರದವರು ಬಚ್ಚಲಿನ ತಾಮ್ರದ ಹಂಡೆಯನ್ನೂ ಹೊತ್ತುಕೊಂಡು ಹೋದರಂತೆ. ಜೈಲಿನ ಬಗ್ಗೆ ಎಷ್ಟು ಕೇಳಿದರೂ ಅಜ್ಜ ಹಂಡೆಯ ಕಥೆಯನ್ನೇ ಹೇಳುತ್ತಿದ್ದ. ಒಳಗೆ ಬಿಸಿನೀರು ಇನ್ನೂ ಇತ್ತು, ಅಂಗಳದಲ್ಲಿ ಚೆಲ್ಲಿದರು ಎನ್ನುವಲ್ಲಿಗೆ ನಿಲ್ಲಿಸುತ್ತಿದ್ದ.

ಸುಮಾ ಪುಸ್ತಕವನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಐದೂವರೆಯ ಬಸ್ಸು ಹಿಡಿದಳು. ಕೊಡೆ ಇಲ್ಲೇ ಮರೆತಿದ್ದಾಳೆ.

ಆ ಹಂಡೆಯನ್ನು ಹರಾಜಿನಲ್ಲಿ ಕೂಗಿದವರು ಊರಿನವರೇ ಇರಬೇಕು. ಯಾರೆಂದು ಅಜ್ಜನಿಗೆ ಗೊತ್ತಿಲ್ಲದೆ ಇರುತ್ತಿತ್ತೇ? ನಾನು ಒಮ್ಮೆಯೂ ಕೇಳಲಿಲ್ಲ, ಕೇಳಿದ್ದರೆ